ಹೊಸ ಪಿಯಾನೋ: ಶ್ರುತಿ ಬೇರೆ, ನಾದ ಬೇರೆ
(ಧರ್ಮಕೇಂದ್ರದ ಗಾಯನ ವೃಂದದ ಸಭೆಯಲ್ಲಿ ಗುರುಗಳು ಮಾಡಿದ ಭಾಷಣ)



ನಿಮ್ಮೆಲ್ಲರ ವಂತಿಗೆಯಿಂದ ಬೇಸಿಗೆಯಲ್ಲಿ ನಮ್ಮ ಸಭಾಭವನಕ್ಕೆ ಬಂದ ಹೊಸ ಪಿಯಾನೋ ಈ ಮಳೆಗಾಲದಲ್ಲಿಯೇ ಅಪಶ್ರುತಿ ನುಡಿಯುತ್ತಿದೆಯೆಂಬ ಅಸಮಾಧಾನ ಕೇಳಿಬರುತ್ತಿದೆ. ಮಾರಿದವರು ವಂಚಿಸಿದರೆಂದು ಕೆಲವರೂ, ಅದನ್ನು ಹಿಂದಿರುಗಿಸಬೇಕೆಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ಕೂಲಿಯವರ ಬೆವರಿನ ಹಣವೂ ಅದರಲ್ಲಿ ಸೇರಿರುವುದರಿಂದ ಈ ಆತಂಕ ಸಹಜವೇ. ಆದರೆ ತೀರ್ಪು ನೀಡುವ ಮುನ್ನ ವಾದ್ಯದ ಸ್ವಭಾವವನ್ನು ಅರಿಯುವುದು ನ್ಯಾಯ.

ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬವರು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ರೂಪಿಸಿದ ಈ ವಾದ್ಯಕ್ಕೆ ಇಂದು 88 ಮನೆಗಳೂ ಸುಮಾರು 230 ತಂತಿಗಳೂ ಇವೆ. ತಂತಿಗಳ ಒಟ್ಟು ಬಿಗಿತ 15 ಟನ್ನಿಗೂ ಮಿಗಿಲು. ಇಂತಹ ಎಳೆತಕ್ಕೆ ಸಿಕ್ಕ ಹೊಸ ತಂತಿ ಮೊದಲ ವರ್ಷದಲ್ಲಿ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತದೆ. ಇತ್ತ ತಂತಿಗಳ ನಾದವನ್ನು ಹಿಗ್ಗಿಸುವ ಮರದ ತೆಳುಹಲಗೆಯು ಕರಾವಳಿಯ ತೇವವನ್ನು ಹೀರಿ ಉಬ್ಬಿ, ತಂತಿಗಳನ್ನು ಮೇಲಕ್ಕೆ ಒತ್ತುತ್ತದೆ. ಮಧ್ಯಸ್ಥಾಯಿಯ ಶ್ರುತಿ ಏರುತ್ತದೆ. ಒಂದೆಡೆ ಇಳಿತ, ಇನ್ನೊಂದೆಡೆ ಏರಿಕೆ: ಹೊಂದಾಣಿಕೆ ಕೆಡುವುದರಲ್ಲಿ ಆಶ್ಚರ್ಯವೇನು? ಆದುದರಿಂದಲೇ ಮೊದಲ ವರ್ಷ ಹಲವು ಬಾರಿ, ಸಾಮಾನ್ಯವಾಗಿ ನಾಲ್ಕು ಬಾರಿ, ತದನಂತರ ವರ್ಷಕ್ಕೆ ಎರಡು ಬಾರಿಯಾದರೂ ಶ್ರುತಿ ಕೂಡಿಸಬೇಕೆಂಬುದು ಬಲ್ಲವರ ಸಲಹೆ.

ಇನ್ನು ನಮ್ಮ ದೂರುಗಳನ್ನು ಬೇರ್ಪಡಿಸಿ ನೋಡೋಣ. ಮೇಲಿನ ಸ್ಥಾಯಿಯಲ್ಲಿ ಒಂದೊಂದು ಸ್ವರಕ್ಕೂ ಮೂರು ತಂತಿಗಳು. ಒಂದು ಸೆಕೆಂಡಿಗೆ 440 ಬಾರಿ, ಇನ್ನೊಂದು 442 ಬಾರಿ ಕಂಪಿಸಿದರೆ ಸೆಕೆಂಡಿಗೆ ಎರಡು ಅಲೆ ಕೇಳಿಬರುತ್ತವೆ. ಅದು ಶ್ರುತಿಯ ದೋಷ, ಟ್ಯೂನರ್ ಸರಿಪಡಿಸಬಲ್ಲರು. ಶ್ರುತಿ ಸರಿಯಿದ್ದೂ ಧ್ವನಿ ಕಿವಿಗೆ ಚುಚ್ಚಿದರೆ ಅದು ನಾದದ ಪ್ರಶ್ನೆ. ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯ ಫೆಲ್ಟ್ ನುಡಿಸಿದಂತೆಲ್ಲ ಗಡುಸಾಗುತ್ತದೆ. ಬಲ್ಲವರು ಸೂಜಿಯಿಂದ ಚುಚ್ಚಿ ಅದನ್ನು ಮೃದುಗೊಳಿಸುತ್ತಾರೆ. ಬರಿಗೋಡೆ, ಬರಿನೆಲದ ನಮ್ಮ ಸಭಾಭವನವೂ ಧ್ವನಿಯನ್ನು ಕರ್ಕಶಗೊಳಿಸುತ್ತದೆ. ಮನೆಗಳು ಒತ್ತಿದಲ್ಲೇ ಸಿಕ್ಕಿಕೊಳ್ಳುವುದು ಹೆಚ್ಚಾಗಿ ತೇವದಿಂದ.

ನಿಜವಾದ ದೋಷವೂ ಇರಬಹುದು. ಶ್ರುತಿ ಕೂಡಿಸಿದ ಕೆಲವೇ ದಿನಗಳಲ್ಲಿ ಅದೇ ಕೆಲವು ತಂತಿಗಳು ಮತ್ತೆ ಮತ್ತೆ ಸಡಿಲಾದರೆ ಅವುಗಳ ಬಿರಡೆಗಳು ಹಿಡಿತ ತಪ್ಪಿವೆಯೆಂದೇ ಶಂಕಿಸಬೇಕು. ಆಗ ಖಾತರಿಯ ಅವಧಿಯೊಳಗೆ ಮಾರಿದವರನ್ನು ಧೈರ್ಯವಾಗಿ ಕೇಳೋಣ.

ಆದುದರಿಂದ ನನ್ನ ಸೂಚನೆಗಳು ಮೂರು. ಪಿಯಾನೋವನ್ನು ಕಿಟಕಿಯ ಬಳಿಯಿಂದ ಒಳಗೋಡೆಗೆ ಸರಿಸೋಣ. ಟ್ಯೂನರನ್ನು ಕರೆಸಿ, ಅವರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವವರೆಗೆ ಯಾರನ್ನೂ ವಂಚಕರೆಂದು ಕರೆಯದಿರೋಣ. ಖರೀದಿಗೆ ಹಣ ಕೂಡಿಸಿದ ನಾವು ಪ್ರತಿ ವರ್ಷದ ಆರೈಕೆಗೂ ಒಂದು ಮೊತ್ತವನ್ನು ಆಯವ್ಯಯದಲ್ಲಿ ಇಂದೇ ನಿಗದಿಪಡಿಸೋಣ. ಈ ಖರ್ಚಿಗೆ ಹಿಂಜರಿದರೆ ಹತ್ತು ವರ್ಷಗಳಲ್ಲಿ ನಮ್ಮ ಮಕ್ಕಳು ತಪ್ಪು ಸ್ವರವನ್ನೇ ಸರಿಯೆಂದು ಕಲಿತಾರು. ನಿಮ್ಮ ಒಪ್ಪಿಗೆಯನ್ನು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.