ಚಿಗಟವೂ ಗೃಹಸ್ಥನೂ



ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸತಕ್ಕವನು ಚಿಗಟದ ವಿಷಯವಾಗಿ ಭಾಷಣಮಾಡಲು ಹೊರಟನೆಂದರೆ ತಾವು ನಗುವುದು ಸಹಜವಾಗಿಯೇ ಇದೆ. ಕೆಲವು ವರ್ಷಗಳ ಹಿಂದಿನವರೆಗೆ ನನಗೆ ಪರಿಚಯವಿದ್ದ ಚಿಗಟವೆಂದರೆ ಜಾನ್ ಡನ್ ಕವಿಯ ಪದ್ಯದಲ್ಲಿ ಬರುವ ಚಿಗಟವೊಂದೇ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳನ್ನು ಬಿಟ್ಟರೆ ಆ ಚಿಗಟವು ಬೇರಾರ ನಿದ್ದೆಯನ್ನೂ ಕೆಡಿಸಿದಂತಿಲ್ಲ. ಅನಂತರ ನಿಜವಾದ ಚಿಗಟವೇ ನಮ್ಮ ಮನೆಯನ್ನು ಹೊಕ್ಕಿತು. ಅದನ್ನು ಓಡಿಸಹೊರಟು ನಾನು ಮಾಡಿದ ತಪ್ಪುಗಳನ್ನು ಇಂದು ತಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ. ಆ ತಪ್ಪುಗಳ ಫಲವನ್ನು ಅನುಭವಿಸಿದ್ದು ನಾನಲ್ಲ, ಮಾತು ಬಾರದ ಒಂದು ಪ್ರಾಣಿ. ಆದುದರಿಂದಲೇ ಸುಮ್ಮನಿರಲು ಮನಸ್ಸು ಬಾರದು.

ನಮ್ಮ ಮನೆಯಲ್ಲಿ ಕರಿಯನೆಂಬ ನಾಯಿಯುಂಟು. ಮಕ್ಕಳು ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದು. ಒಂದು ಮಳೆಗಾಲದಲ್ಲಿ ಅದು ಹಗಲಿರುಳೆನ್ನದೆ ಮೈ ಕೆರೆದುಕೊಳ್ಳತೊಡಗಿತು. ಬಾಲದ ಬುಡದಲ್ಲಿ ಕೂದಲುದುರಿ ಚರ್ಮ ಕೆಂಪೇರಿತು. ಕೂದಲನ್ನು ಬಿಡಿಸಿ ನೋಡಿದರೆ ಎಳ್ಳಿನಷ್ಟು ಸಣ್ಣ ಕಂದುಬಣ್ಣದ ಹುಳುಗಳು ಸರ್ರನೆ ಓಡಿ ಮರೆಯಾದವು. ಸೀಮೆಎಣ್ಣೆ ತಿಕ್ಕಿದರೆ ಒಂದೇ ದಿನದಲ್ಲಿ ನಿರ್ಮೂಲವಾಗುವುದೆಂದು ಹಿತೈಷಿಗಳೊಬ್ಬರು ಹೇಳಿದರು. ವಿದ್ಯಾವಂತನಾದ ನಾನು ಏಕೆ, ಏನು ಎಂದು ವಿಚಾರಮಾಡದೆ ಹಾಗೆಯೇ ಮಾಡಿದೆನು. ಕೆಲವು ಚಿಗಟಗಳು ಸತ್ತವು. ಕರಿಯನ ಬೆನ್ನಿನಮೇಲೆ ಬೊಬ್ಬೆಗಳೆದ್ದವು. ವಾರ ಕಳೆಯುವುದರೊಳಗಾಗಿ ಚಿಗಟಗಳು ಮೊದಲಿನಷ್ಟೇ ಆದವು.

ಆಗ ನಮ್ಮ ತಾಯಿಯವರು, “ನಾಯೀನ ಮೊದಲು ಮನೆಯಿಂದ ಕಳಿಸೋ. ಚಿಗಟ ಅಂದರೆ ಹುಡುಗಾಟ ಅಂದುಕೊಂಡಿದ್ದೀಯಾ? ನಮ್ಮಜ್ಜಿ ಪ್ಲೇಗಿನ ಕಾಲದ ಮಾತು ಹೇಳ್ತಾ ಇದ್ದರು” ಎಂದರು. ಅವರ ಭಯ ನಿರಾಧಾರವೆಂದು ಯಾರು ಹೇಳಬಲ್ಲರು? 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ ಜನರು ಮನೆಮಠಗಳನ್ನು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ವಾಸಮಾಡಿದರು. ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಆ ಉತ್ಪಾತದ ಅನಂತರವೇ. ಅದೇ 1898ರಲ್ಲಿ ಫ್ರಾನ್ಸ್ ದೇಶದ ವೈದ್ಯನಾದ ಪಾಲ್ ಲೂಯಿ ಸಿಮಂಡನು ಕರಾಚಿಯಲ್ಲಿ ಒಂದು ಪ್ರಯೋಗವನ್ನು ನಡೆಸಿ, ಪ್ಲೇಗನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ತೋರಿಸಿದನು. ಬಹುಮಂದಿ ವಿದ್ವಾಂಸರು ಆಗ ಅದನ್ನು ನಂಬಲಿಲ್ಲ. ಕೆಲವು ವರ್ಷಗಳ ತರುವಾಯ ಮುಂಬಯಿಯಲ್ಲಿ ನಡೆದ ಪರಿಶೋಧನೆಗಳಿಂದ ಅದು ಸ್ಥಿರಪಟ್ಟಿತು.

ಕಡೆಗೆ ಕರಿಯನನ್ನು ಊರಾಚೆಯ ಬಂಧುಗಳ ತೋಟಕ್ಕೆ ಸಾಗಿಸಿದೆವು. ಮಕ್ಕಳು ಎರಡು ದಿನ ಸರಿಯಾಗಿ ಊಟಮಾಡಲಿಲ್ಲ. ಅಷ್ಟರಲ್ಲಿ ದಸರಾ ರಜ ಬಂದದ್ದರಿಂದ ಮನೆಗೆ ಬೀಗ ಹಾಕಿಕೊಂಡು ಮೂರು ವಾರ ಪರಸ್ಥಳದಲ್ಲಿದ್ದು ಹಿಂದಿರುಗಿದೆವು. ಬಾಗಿಲು ತೆರೆದು ಹಜಾರದಲ್ಲಿ ಕಾಲಿಟ್ಟು ಕಾಲು ಗಂಟೆ ಆಗಿರಲಿಲ್ಲ, ಮಕ್ಕಳು ಮೊಣಕಾಲಿನ ಕೆಳಗೆಲ್ಲ ಕೆರೆದುಕೊಳ್ಳತೊಡಗಿದರು. ನಾಯಿಯಿದ್ದಾಗ ಎಂದೂ ಕಾಣದಷ್ಟು ಚಿಗಟಗಳು ನಾಯಿಯಿಲ್ಲದ ಮನೆಯಲ್ಲಿ ಹಾರಾಡುತ್ತಿದ್ದವು! ನನ್ನ ಪತ್ನಿಯು, “ನಾಯಿ ಇಲ್ಲ, ಚಿಗಟ ಇದೆ. ಹಾಗಾದರೆ ತಪ್ಪು ಯಾರದು? ನೀವೇ ಹೇಳಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರಿಂದ. ಅವರು ಮನೆಗೆ ಬಂದು, ಮೊಣಕಾಲಿನವರೆಗೆ ಬಿಳಿಯ ಕಾಲುಚೀಲಗಳನ್ನು ಧರಿಸಿ, ಹಜಾರದಲ್ಲಿ ನಿಧಾನವಾಗಿ ಎರಡು ಸುತ್ತು ನಡೆದರು. ಕಾಲುಚೀಲಗಳ ಮೇಲೆ ಕಪ್ಪು ಚುಕ್ಕೆಗಳಂತೆ ಚಿಗಟಗಳು ಬಂದು ಕುಳಿತವು. ಬಳಿಕ, ಕರಿಯನು ಮಲಗುತ್ತಿದ್ದ ಗೋಣಿತಾಟನ್ನು ಒದ್ದೆಮಾಡಿದ ಬಿಳಿಯ ಬಟ್ಟೆಯ ಮೇಲೆ ಕೊಡವಿದರು. ಉದುರಿದ ಕರಿಯ ಪುಡಿಯು ನೋಡನೋಡುತ್ತಿರುವಂತೆಯೇ ಕೆಂಪಗೆ ಹರಡಿಕೊಂಡಿತು. “ಸ್ವಾಮಿ, ಇದು ಧೂಳಲ್ಲ. ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯ ಒಣಗಿದ ರಕ್ತ. ಮರಿಹುಳುಗಳಿಗೆ ಇದೇ ಅನ್ನ” ಎಂದರು.

ಅವರು ವಿವರಿಸಿದ ತತ್ತ್ವವಿಷ್ಟೇ. ಚಿಗಟವು ರಕ್ತವನ್ನು ಕುಡಿಯುವುದು ನಾಯಿ ಬೆಕ್ಕುಗಳ ಮೈಮೇಲೆ. ಸಂಸಾರವನ್ನು ಬೆಳೆಸುವುದು ನಮ್ಮ ಮನೆಯ ನೆಲದ ಮೇಲೆ. ಒಂದು ಹೆಣ್ಣು ಚಿಗಟವು ದಿನವೊಂದಕ್ಕೆ 40, 50 ಮೊಟ್ಟೆಗಳವರೆಗೆ ಇಡಬಲ್ಲದು. ನುಣುಪಾದ ಆ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ, ನಾಯಿ ಎಲ್ಲೆಲ್ಲಿ ಮಲಗುವುದೋ ಅಲ್ಲಲ್ಲಿ ಉದುರುತ್ತವೆ. ಕೆಲವು ದಿನಗಳಲ್ಲಿ ಹೊರಬರುವ ಮರಿಹುಳು ಬೆಳಕಿಗೆ ಹೆದರಿ ಚಾಪೆಯ ಅಡಿ, ಜಮಖಾನದ ಬುಡ, ನೆಲದ ಬಿರುಕುಗಳನ್ನು ಸೇರುತ್ತದೆ. ಅಲ್ಲಿ ಬೆಳೆದು, ಧೂಳು ಮೆತ್ತಿದ ರೇಷ್ಮೆಯ ಗೂಡೊಂದನ್ನು ಕಟ್ಟಿಕೊಂಡು ಒಳಗೆ ಕೂಡುತ್ತದೆ. ಹೀಗೆ ಮನೆಯಲ್ಲಿರುವ ಚಿಗಟ ಸಂತತಿಯಲ್ಲಿ ನಾಯಿಯ ಮೈಮೇಲೆ ಕಾಣುವ ಭಾಗವು ನೂರಕ್ಕೆ ಸುಮಾರು 5 ಎಂದು ಬಲ್ಲವರು ಲೆಕ್ಕಹಾಕುತ್ತಾರೆ. ಉಳಿದ 95 ಭಾಗ ಮೊಟ್ಟೆಯಾಗಿ, ಹುಳುವಾಗಿ, ಗೂಡಾಗಿ ನಮ್ಮ ಕಾಲಡಿಯಲ್ಲಿಯೇ ಇರುತ್ತದೆ!

ಆ ಗೂಡೇ ಚಿಗಟದ ದುರ್ಗ. ಮಾರುಕಟ್ಟೆಯ ಔಷಧಗಳು ಅದರೊಳಕ್ಕೆ ಇಳಿಯಲಾರವು. ಒಳಗಿನ ಚಿಗಟವು ಪೂರ್ಣವಾಗಿ ಬೆಳೆದಿದ್ದರೂ, ಆಹಾರದ ಸುಳಿವು ಸಿಕ್ಕುವವರೆಗೆ ತಿಂಗಳುಗಟ್ಟಲೆ ಅಲ್ಲಿಯೇ ಕಾದಿರಬಲ್ಲದು. ಹೆಜ್ಜೆಯ ಅದುರು, ಮೈಯ ಕಾವು, ಉಸಿರಿನ ಗಾಳಿ, ಇವು ಸೋಕಿದೊಡನೆ ಗೂಡನ್ನು ಒಡೆದು ಮೇಲಕ್ಕೆ ನೆಗೆಯುತ್ತದೆ. ಬೀಗ ಹಾಕಿದ್ದ ನಮ್ಮ ಮನೆಯಲ್ಲಿ ನಡೆದದ್ದು ಇದೇ. ಕರಿಯನಿದ್ದಿದ್ದರೆ ಅವು ಅವನ ಮೈಯನ್ನು ಸೇರುತ್ತಿದ್ದವು. ಅಪರಾಧಿಯೆಂದು ನಾವು ಗಡೀಪಾರು ಮಾಡಿದವನು ಅಷ್ಟು ದಿನವೂ ನಮ್ಮ ಪಾಲಿನ ಕಡಿತವನ್ನು ತಾನೇ ಸಹಿಸಿದ್ದನು.

ಇನ್ನು ತಾಯಿಯವರ ಭಯದ ಮಾತು. ಪ್ಲೇಗನ್ನು ಹರಡುವುದರಲ್ಲಿ ಹೆಸರಾದುದು ಇಲಿಯ ಚಿಗಟ. ಅದರ ಜಾತಿಯೇ ಬೇರೆ. ನಾಯಿ ಬೆಕ್ಕುಗಳ ಚಿಗಟವು ಆ ಕೆಲಸಕ್ಕೆ ಬಹಳ ಅಸಮರ್ಥವಾದುದು. ಹಾಗೆಂದು ಇದು ನಿರಪಾಯವೇನೂ ಅಲ್ಲ. ಕೆಲವು ನಾಯಿಗಳಿಗೆ ಇದರ ಒಂದೆರಡು ಕಡಿತದಿಂದಲೇ ಚರ್ಮವೆಲ್ಲ ಕೆಡುತ್ತದೆ. ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದೂ ಉಂಟು. ಒಂದು ಬಗೆಯ ಲಾಡಿಹುಳುವಿನ ಮರಿಯು ಚಿಗಟದೊಳಗಿದ್ದು, ಅದನ್ನು ನುಂಗಿದ ನಾಯಿ ಬೆಕ್ಕುಗಳಿಗೂ ಒಮ್ಮೊಮ್ಮೆ ಮಕ್ಕಳಿಗೂ ಅಂಟುತ್ತದೆ.

ಪರಿಹಾರವೇನು? ನೆಲಕ್ಕೂ ನಾಯಿಗೂ ಏಕಕಾಲದಲ್ಲಿ ಚಿಕಿತ್ಸೆ ನಡೆಯಬೇಕು. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಮಂಚದಡಿ, ಮೂಲೆ, ಬಿರುಕುಗಳನ್ನು ದಿನವೂ ಗುಡಿಸುವುದು. ಧೂಳನ್ನೆಳೆಯುವ ಯಂತ್ರವಿದ್ದರೆ ಇನ್ನೂ ಉತ್ತಮ. ಆ ಕಸವನ್ನು ಅಂಗಳಕ್ಕೆಸೆಯದೆ ಸಾಬೂನಿನ ನೀರಿನಲ್ಲಿ ಮುಳುಗಿಸುವುದು. ಗುಡಿಸುವಾಗಿನ ಅದುರಿನಿಂದ ಚಿಗಟಗಳು ಗೂಡನ್ನು ಬಿಟ್ಟು ಹೊರಬೀಳುವುದರಿಂದ ಪೊರಕೆಯ ಕೆಲಸಕ್ಕೆ ಎರಡುಪಟ್ಟು ಬೆಲೆಯುಂಟು. ನಾಯಿಯ ಮೈಯನ್ನು ಹೇನುಬಾಚಣಿಗೆಯಂಥ ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಅದೇ ಸಾಬೂನಿನ ನೀರಿಗೆ ಅದ್ದಬೇಕು. ಇದರ ಜೊತೆಗೆ ಪಶುವೈದ್ಯರು ಪ್ರಾಣಿಯ ತೂಕವನ್ನು ನೋಡಿ ಕೊಡುವ ಔಷಧವನ್ನು, ಮನೆಯಲ್ಲಿರುವ ನಾಯಿ ಬೆಕ್ಕುಗಳೆಲ್ಲಕ್ಕೂ, ಕಡಮೆಯೆಂದರೆ ಮೂರು ತಿಂಗಳು ತಪ್ಪದೆ ನಡೆಸಬೇಕು. ಮೊದಲ ತಿಂಗಳಲ್ಲಿ ಹೊಸ ಚಿಗಟಗಳು ಕಂಡರೆ ಔಷಧ ವ್ಯರ್ಥವಾಯಿತೆಂದು ಕೈಬಿಡಬಾರದು. ಅವು ಹಿಂದೆಯೇ ಕಟ್ಟಿದ ಗೂಡುಗಳಿಂದ ಬರತಕ್ಕವು.

ಒಂದು ಎಚ್ಚರಿಕೆಯನ್ನು ದಯಮಾಡಿ ಮರೆಯಬೇಡಿ. ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಕೂಡದು. ನಾಯಿಗಳಿಗೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ವಸ್ತುವಿರುತ್ತದೆ. ನಾಯಿಯ ದೇಹವು ಅದನ್ನು ಅರಗಿಸಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಸಾಲದು. ನಡುಕ ಹತ್ತಿ ಪ್ರಾಣವೇ ಹೋಗಬಹುದು. ಸೀಮೆಎಣ್ಣೆಯನ್ನಂತೂ ಯಾವ ಪ್ರಾಣಿಗೂ ಮುಟ್ಟಿಸಬೇಡಿ. ಅದು ಚರ್ಮವನ್ನು ಸುಡುವುದಲ್ಲದೆ, ಪ್ರಾಣಿಯು ಮೈ ನೆಕ್ಕಿಕೊಂಡಾಗ ಒಳಗೂ ವಿಷವಾಗುತ್ತದೆ.

ಈ ಕ್ರಮವನ್ನು ನಾವು ಮೂರು ತಿಂಗಳು ನಡೆಸಿದೆವು. ತೋಟದಿಂದ ಕರಿಯನನ್ನು ಕರೆತರಲು ನಾನೇ ಹೋದೆನು. ತನ್ನ ಮೈಗೆ ಸೀಮೆಎಣ್ಣೆ ತಿಕ್ಕಿ, ಮನೆಯಿಂದ ಹೊರಗಟ್ಟಿದವನನ್ನು ಕಂಡು ಅದು ಬಾಲವಾಡಿಸುತ್ತ ಓಡಿಬಂದಿತು. ಈಗ ಮನೆಯಲ್ಲಿ ಚಿಗಟವಿಲ್ಲ. ತಾಯಿಯವರೇ ದಿನವೂ ಅದರ ಮೈ ಬಾಚುತ್ತಾರೆ. ಆದರೆ ಬೆನ್ನಿನ ಮೇಲೆ ಅಂಗೈಯಗಲದ ಜಾಗದಲ್ಲಿ ಕೂದಲು ಮತ್ತೆ ಹುಟ್ಟಲೇ ಇಲ್ಲ. ಅದನ್ನು ನೋಡಿದಾಗಲೆಲ್ಲ, ನಮ್ಮ ನೆಲದ ಕಸಕ್ಕೆ ಅದರ ಬೆನ್ನನ್ನು ಶಿಕ್ಷಿಸಿದೆನಲ್ಲಾ ಎಂದು ನಾಚಿಕೆಯಾಗುತ್ತದೆ. ತಮ್ಮ ಮನೆಯ ನಾಯಿ ಇಂದು ರಾತ್ರಿ ಮೈ ಕೆರೆದುಕೊಂಡರೆ ಅದನ್ನು ಗದರಿಸುವುದಕ್ಕೆ ಮುಂಚೆ, ದೀಪ ಹಿಡಿದು ಒಮ್ಮೆ ಮಂಚದ ಕೆಳಗೆ ನೋಡಬೇಕೆಂದು ಪ್ರಾರ್ಥಿಸಿ, ಈ ಭಾಷಣವನ್ನು ಮುಗಿಸುತ್ತೇನೆ.