ಅಂಗಳದ ಕುಂಡದಲ್ಲಿ ಗಡ್ಡೆ ತರಕಾರಿ



ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ತರಕಾರಿ ಬೆಳೆಯುವ ಮಾತನ್ನೇಕೆ ಎತ್ತಿದರೆಂದು ತಮಗೆ ಆಶ್ಚರ್ಯವಾಗಬಹುದು. ಔಷಧಿ ಬರೆದುಕೊಡುವಂತೆಯೇ ತಮ್ಮ ಊಟದ ತಟ್ಟೆಯನ್ನು ವಿಚಾರಿಸುವುದೂ ನಮ್ಮ ಕರ್ತವ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಹಿತ್ತಿಲಿಲ್ಲದ ಮನೆಯವರೂ ಅಂಗಳದ ಬಿಸಿಲಿನಲ್ಲಿ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳನ್ನು ಬೆಳೆದುಕೊಳ್ಳಬಹುದು.

ಒಡಕು ಕೊಡ, ಹಳೆಯ ಬಕೆಟ್, ಅಡುಗೆ ಎಣ್ಣೆಯ ಡಬ್ಬ, ಗೋಣಿಚೀಲ ಯಾವುದಾದರೂ ಆದೀತು. ಒಂದು ಅಡಿ ಆಳವಿರಲಿ. ನೀರು ಬಸಿಯಲು ತಳದಲ್ಲಿ ನಾಲ್ಕಾರು ತೂತುಗಳಿರಲಿ. ಕೀಟನಾಶಕ ತುಂಬಿದ್ದ ಡಬ್ಬವನ್ನು ಮಾತ್ರ ಎಷ್ಟೇ ತೊಳೆದರೂ ಬಳಸಕೂಡದು.

ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವುಗಳನ್ನು ಸಮಪಾಲು ಬೆರೆಸಿ, ಕಲ್ಲುಗಳನ್ನು ಆರಿಸಿ ತುಂಬಿರಿ. ಹಸಿ ಸಗಣಿ ಹಾಕಿದರೆ ಗಡ್ಡೆ ಕವಲೊಡೆಯುತ್ತದೆ. ಬೀಜವನ್ನು ಕುಂಡದಲ್ಲಿಯೇ ಬಿತ್ತಿರಿ. ಸಸಿಗಳು ಎದ್ದ ಮೇಲೆ ಕ್ಯಾರೆಟ್ಟಿಗೆ ಎರಡು, ಮೂಲಂಗಿಗೆ ಮೂರು, ಬೀಟ್‌ರೂಟಿಗೆ ನಾಲ್ಕು ಅಂಗುಲ ಅಂತರವಿರುವಂತೆ ಹೆಚ್ಚಿನವನ್ನು ಕೀಳಬೇಕು. ಕೀಳಲು ಮನಸ್ಸು ಬಾರದಿರಬಹುದು; ಆದರೆ ಒತ್ತೊತ್ತಾಗಿ ಬಿಟ್ಟರೆ ಗಡ್ಡೆ ಕಟ್ಟದು. ಮಣ್ಣು ಒಣಗದಂತೆ ನೀರುಣಿಸಿರಿ. ಮೂಲಂಗಿಯು ಸುಮಾರು 45 ದಿನಗಳಲ್ಲಿ, ಬೀಟ್‌ರೂಟ್ ಎರಡು ತಿಂಗಳ ಮೇಲೆ, ಕ್ಯಾರೆಟ್ ಮೂರು ತಿಂಗಳಲ್ಲಿ ಕೈಗೆ ಬರುತ್ತವೆ.

ಇನ್ನು ಮುಖ್ಯವಾದ ಮಾತು. "ದಿನವೂ ಬೀಟ್‌ರೂಟ್ ತಿನ್ನುತ್ತಿದ್ದೇನೆ ಡಾಕ್ಟರೇ, ಕಬ್ಬಿಣದ ಮಾತ್ರೆ ಯಾಕೆ?" ಎಂದು ಕೇಳುವ ಗರ್ಭಿಣಿಯರಿದ್ದಾರೆ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ನಮ್ಮ ರಕ್ತಕ್ಕೂ ಸಂಬಂಧವಿಲ್ಲ. ಆ ಗಡ್ಡೆಯಲ್ಲಿ ಕಬ್ಬಿಣದ ಅಂಶ ಅಲ್ಪ. ಅದಕ್ಕಿಂತ ಹೆಚ್ಚು ಇರುವುದು ನಾವು ದನಕ್ಕೆ ಎಸೆಯುವ ಸೊಪ್ಪಿನಲ್ಲಿ. ಮೂಲಂಗಿ, ಬೀಟ್‌ರೂಟ್ ಸೊಪ್ಪನ್ನು ಬೇಳೆಯೊಡನೆ ಬೇಯಿಸಿ, ನಿಂಬೆರಸ ಹಿಂಡಿ ಉಣ್ಣಿರಿ. ಹುಳಿಯಿದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಬೇಡ. ಕ್ಯಾರೆಟ್ ಕಣ್ಣಿಗೆ ಹಿತವಾದ ಎ ಜೀವಸತ್ವವನ್ನು ಒದಗಿಸುತ್ತದೆ. ಚೂರು ಎಣ್ಣೆಯ ಒಗ್ಗರಣೆಯಲ್ಲಿ ಬೇಯಿಸಿದರೆ ಗುಣ ಹೆಚ್ಚು. ಹಸಿಯಾಗಿ ತಿನ್ನುವುದಾದರೆ ಮಣ್ಣು ಹೋಗುವಂತೆ ಉಜ್ಜಿ ತೊಳೆಯಿರಿ. ಇಲ್ಲವಾದರೆ ಜಂತುಹುಳುವಿನ ಮೊಟ್ಟೆಗಳು ಹೊಟ್ಟೆ ಸೇರಬಹುದು.

ಆದರೂ ಗರ್ಭಿಣಿಗೆ ಆಹಾರವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಹೆರಿಗೆಯ ನಂತರವೂ ಅಷ್ಟೇ ದಿನ ಮುಂದುವರಿಸಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ.

ಒಂದು ಬೆಳೆ ಕಿತ್ತೊಡನೆ ಅದೇ ಮಣ್ಣಿಗೆ ಮತ್ತೆ ಬೀಜ ಹಾಕದೆ, ಗೊಬ್ಬರವಿತ್ತು ಕೆಲವು ದಿನ ಬಿಡುತ್ತೇವಲ್ಲವೇ? ತಾಯಿಯ ದೇಹಕ್ಕೂ ಚೇತರಿಸಿಕೊಳ್ಳಲು ಕಾಲ ಬೇಕು. ಎರಡು ಹೆರಿಗೆಗಳ ನಡುವೆ ಮೂರು ವರ್ಷವಾದರೂ ಅಂತರವಿರಲಿ. ಅದಕ್ಕೆ ತಕ್ಕ ವಿಧಾನವನ್ನು ಇಬ್ಬರೂ ಕೂಡಿ ಬಂದು ನಮ್ಮ ಕೇಂದ್ರದಲ್ಲಿ ಕೇಳಿರಿ.

ಸೋದರರೇ, ಕುಂಡಕ್ಕೆ ನೀರು ಹೊರುವ ಕೆಲಸ ತಮ್ಮದಾಗಲಿ. ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಮಡದಿಯ ತಟ್ಟೆಗೆ ಮೊದಲ ಸೌಟಿನ ಪಲ್ಯ ಬೀಳಲಿ. ಅಂಗಳದಲ್ಲಿ ಬೆಳೆದುದು ಆಕೆಯ ಮೈಗೆ ಸೇರಿದಾಗಲೇ ತಮ್ಮ ಶ್ರಮ ಸಾರ್ಥಕ.