ಆಕಾಶದ ಜಾತ್ರೆಯ ನೋಟಕರು

ನೋಟಕ್ಕಾಗಿ ದೂರ ಹೋಗುವುದು ನಮ್ಮ ಸೀಮೆಯ ಜನಕ್ಕೆ ಹೊಸದಲ್ಲ. ಪುಷ್ಯಮಾಸದ ಹುಣ್ಣಿಮೆ ಬಂದಿತೆಂದರೆ ಬಾದಾಮಿಯ ಬಳಿಯ ಬನಶಂಕರಿಯಲ್ಲಿ ತೇರನ್ನು ನೋಡಲು ಸುತ್ತಣ ತಾಲ್ಲೂಕುಗಳ ಜನವೆಲ್ಲ ಕೂಡುತ್ತದೆ. ತೇರು ಮುಗಿದ ಮೇಲೂ ನಾಟಕದ ಕಂಪನಿಗಳ ಡೇರೆಗಳಲ್ಲಿ ಬೆಳಗಾಗುವವರೆಗೆ ಕುಳಿತಿರುತ್ತದೆ. ಬಾಗಲಕೋಟೆಯವರಿಗೆ ಹೋಳಿಯ ಬಣ್ಣದ ಬಂಡಿಗಳುಂಟು, ಇಳಕಲ್ಲಿನವರಿಗೆ ಮಹಾಂತ ಶಿವಯೋಗಿಗಳ ಜಾತ್ರೆಯುಂಟು, ಹುನಗುಂದದ ಕಡೆಯವರಿಗೆ ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮವುಂಟು. ಆದರೆ ಈ ನೋಟಗಳೆಲ್ಲ ನೆಲದ ಮೇಲಿನವು. ತೇರಿನ ಕಳಸವನ್ನು ಕಾಣುವಷ್ಟು ಕತ್ತೆತ್ತಿದರೆ ಸಾಕು. ಕತ್ತನ್ನು ಪೂರ್ತಿಯಾಗಿ ಹಿಂದಕ್ಕೆ ಚೆಲ್ಲಿ, ಎರಡು ಗಂಟೆಗಳ ಕಾಲ ಬರಿಯ ಆಕಾಶವನ್ನೇ ದಿಟ್ಟಿಸಬೇಕಾದ ಜಾತ್ರೆಯೊಂದು ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನೆರೆಯುತ್ತದೆ. 1996ರಲ್ಲಿ ಮೊದಲಾದ ಈ ವಿಮಾನ ಪ್ರದರ್ಶನಕ್ಕೆ ‘ಏರೋ ಇಂಡಿಯಾ’ ಎಂದು ಹೆಸರು. 2023ರ ಫೆಬ್ರವರಿಯಲ್ಲಿ ಅದನ್ನು ನೋಡಲು ನಮ್ಮ ಕಡೆಯಿಂದ ಹೋದವರ ಮನಸ್ಸಿನಲ್ಲಿ ಏನೇನು ಮೂಡಿತೆಂಬುದನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ನಾವು ಹೋದವರು ಹತ್ತು ಹನ್ನೆರಡು ಮಂದಿ. ಬಾಗಲಕೋಟೆ ಬಾದಾಮಿಗಳವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಹುನಗುಂದ ಇಳಕಲ್ಲುಗಳಿಗೆ ರೈಲಿನ ಭಾಗ್ಯವಿಲ್ಲದ ಕಾರಣ ಅಲ್ಲಿಯವರು ಹೊಸಪೇಟೆ ಚಿತ್ರದುರ್ಗಗಳ ಹಾದಿಯಾಗಿ ಬಸ್ಸಿನಲ್ಲಿ ಬಂದು ಬೆಂಗಳೂರಿನಲ್ಲಿ ನಮ್ಮನ್ನು ಕೂಡಿಕೊಂಡರು. ತಂಡದಲ್ಲಿ ಶಾಲೆಯ ಉಪಾಧ್ಯಾಯರಿದ್ದರು, ನೇಕಾರರಿದ್ದರು, ಕಲ್ಲಿನ ಕೆಲಸ ಬಲ್ಲವರಿದ್ದರು, ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರಿದ್ದರು. ವಿಮಾನಶಾಸ್ತ್ರವನ್ನು ಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ಆದಕಾರಣ ಇದು ತಜ್ಞರ ವರದಿಯಲ್ಲ, ನೋಟಕರ ಮಾತು.

ಈ ಜಾತ್ರೆ ಬೆಂಗಳೂರಿನಲ್ಲಿಯೇ ಏಕೆ ನೆರೆಯಬೇಕು ಎಂದು ಕೇಳುವವರಿಗೆ ಚರಿತ್ರೆ ಉತ್ತರ ಹೇಳುತ್ತದೆ. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದರು ವಿಮಾನದ ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ಹೊರಟಾಗ ಅವರಿಗೆ ಆಸರೆಯಾದದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರ್ 23ರಂದು ಕಂಪನಿ ಸ್ಥಾಪಿತವಾಯಿತು. ಮರುವರ್ಷವೇ ಹಾರ್ಲೋ ಎಂಬ ತರಬೇತಿಯ ವಿಮಾನ ಅಲ್ಲಿಂದ ಮೇಲೆದ್ದಿತು. 1951ರಲ್ಲಿ ನಮ್ಮವರೇ ರೂಪಿಸಿದ ಎಚ್‌ಟಿ-2 ಹಾರಿತು. 1961ರ ಜೂನ್ ತಿಂಗಳಿನಲ್ಲಿ, ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿಯ ಮಾರ್ಗದರ್ಶನದಲ್ಲಿ ಸಿದ್ಧವಾದ ಮಾರುತ್ ಎಂಬ ಜೆಟ್ ಯುದ್ಧವಿಮಾನ ಹಾರಿತು. 2001ರ ಜನವರಿ 4ರಂದು ಹಾರಿದ ಹಗುರ ಯುದ್ಧವಿಮಾನಕ್ಕೆ 2003ರಲ್ಲಿ ತೇಜಸ್ ಎಂದು ನಾಮಕರಣವಾಯಿತು. ಹೀಗೆ, ಸಂಸ್ಥಾನದ ಕಾಲದಲ್ಲಿ ನೆಟ್ಟ ಸಸಿಯ ನೆರಳಿನಲ್ಲಿಯೇ ಇಂದಿನ ಜಾತ್ರೆ ನಡೆಯುತ್ತಿದೆ.

ಪ್ರದರ್ಶನಕ್ಕೆ ಮೊದಲೇ ನಮ್ಮನ್ನು ಸೋಜಿಗಪಡಿಸಿದ್ದು ಹದ್ದುಗಳ ಸಂಗತಿ. ಯಲಹಂಕದ ವಾಯುನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಜನವರಿ 30ರಿಂದ ಫೆಬ್ರವರಿ 20ರವರೆಗೆ ಮಾಂಸದ ಅಂಗಡಿಗಳನ್ನು ಮುಚ್ಚಿಸಿದ್ದರು. ಮಾಂಸದ ತುಣುಕುಗಳಿಗಾಗಿ ಹದ್ದುಗಳು ಬರುತ್ತವೆ. ಒಂದು ಹದ್ದು ವಿಮಾನದ ಯಂತ್ರದೊಳಕ್ಕೆ ಸೆಳೆಯಲ್ಪಟ್ಟರೆ ಕೋಟ್ಯಂತರ ರೂಪಾಯಿಯ ವಿಮಾನಕ್ಕೂ ಅದರೊಳಗಿನವನ ಪ್ರಾಣಕ್ಕೂ ಕುತ್ತು. ಆಕಾಶವನ್ನು ಗೆದ್ದೆವೆಂದು ಹೇಳಿಕೊಳ್ಳುವ ಮನುಷ್ಯನು ಅಲ್ಲಿಯ ಹಳೆಯ ಒಕ್ಕಲುಗಳ ಅನುಮತಿಯನ್ನು ಇಂದಿಗೂ ಬೇಡಬೇಕಾಗಿದೆ.

ಹೊಸ ನೋಟಕನು ಮೊದಲು ಕಲಿಯಬೇಕಾದ ಪಾಠವೊಂದುಂಟು: ಕಿವಿಯನ್ನು ನಂಬಬಾರದು. ಸದ್ದು ಬಂದ ಕಡೆಗೆ ತಿರುಗಿ ನೋಡಿದರೆ ಅಲ್ಲಿ ಬರಿಯ ಬಯಲು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಕಿಲೋಮೀಟರಿನಷ್ಟು ದೂರದ ಸದ್ದು ನಮ್ಮನ್ನು ಮುಟ್ಟುವುದಕ್ಕೆ ಮೂರು ಸೆಕೆಂಡು ಬೇಕು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಅಷ್ಟರೊಳಗೆ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಹಿರಿಯರೊಬ್ಬರು ಮೊದಲ ಅರ್ಧ ಗಂಟೆ ವಿಮಾನವನ್ನು ಕಾಣದೆಯೇ ಸದ್ದನ್ನು ಬೆನ್ನಟ್ಟಿ ಬೇಸತ್ತರು. ಅವರಿಗೆ ಉಪಾಯ ಹೇಳಿಕೊಟ್ಟದ್ದು ಪಕ್ಕದಲ್ಲಿದ್ದ ಎಂಟು ವರ್ಷದ ಹುಡುಗಿ: “ಅಜ್ಜಾ, ಸಪ್ಪಳ ಬಂದ ಕಡೆ ನೋಡಬ್ಯಾಡ್ರಿ, ಅದರ ಮುಂದ ನೋಡ್ರಿ.”

ತೇಜಸ್ ಬಂದಾಗ ಜನಸ್ತೋಮದ ಉತ್ಸಾಹವೇ ಬೇರೆಯಾಯಿತು. ಬಾಲದ ಬಳಿ ಅಡ್ಡರೆಕ್ಕೆಯಿಲ್ಲದ, ತ್ರಿಕೋಣಾಕೃತಿಯ ರೆಕ್ಕೆಯ ಪುಟ್ಟ ವಿಮಾನ ಅದು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿದವನು ಹೇಗೆ ಕೈಯನ್ನು ಎಡೆಬಿಡದೆ ಆಡಿಸುತ್ತಿರಬೇಕೋ, ಹಾಗೆ ಅದರೊಳಗಿನ ಗಣಕಯಂತ್ರ ಕ್ಷಣಕ್ಕೆ ಹಲವು ಸಲ ಅದನ್ನು ತಿದ್ದುತ್ತಿರುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಸ್ಥಿರವಾಗಿ ಹಾರಲಾರದು. ಈ ಅಸ್ಥಿರತೆಯೇ ಅದರ ಚುರುಕಿಗೆ ಕಾರಣವಂತೆ. ಅದು ನೆಲದಿಂದ ಎದ್ದು ನೇರವಾಗಿ ಮೇಲಕ್ಕೆ ನುಗ್ಗಿ, ಮಗ್ಗುಲಾಗಿ ಹೊರಳಿದಾಗ ನಮ್ಮ ಸುತ್ತಿನವರೆಲ್ಲ ಚಪ್ಪಾಳೆಯಿಟ್ಟರು. ಹಾಗೆ ಹೊರಳುವಾಗ ಒಳಗಿನ ಚಾಲಕನ ಪಾಡೇನು? ವಿಮಾನ ಅತಿ ಬಿಗಿಯಾಗಿ ತಿರುಗಿದಾಗ ಅವನ ದೇಹದ ಭಾರ ಎಂಟು ಮಡಿಯಾಗುವುದುಂಟು. 70 ಕಿಲೋಗ್ರಾಮಿನ ಮನುಷ್ಯ 560 ಕಿಲೋಗ್ರಾಮಿನ ಭಾರವನ್ನು ಹೊತ್ತಂತೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಕಣ್ಣು ಮಂಜಾಗುತ್ತದೆ. ಕಾಲು ಹೊಟ್ಟೆಗಳನ್ನು ಬಿಗಿಯುವ ಉಡುಪು ತೊಟ್ಟು, ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ತಡೆತಡೆದು ಬಿಟ್ಟು ಅವನು ಎಚ್ಚರವನ್ನು ಕಾಪಾಡಿಕೊಳ್ಳಬೇಕು. ನಾವು ಲೀಲೆಯೆಂದು ಕಂಡದ್ದು ಅವನಿಗೆ ಕುಸ್ತಿ.

ಆಮೇಲೆ ಸಾರಂಗ ತಂಡದ ಹೆಲಿಕಾಪ್ಟರುಗಳು ಬಂದವು. ಕನ್ನಡದಲ್ಲಿ ಸಾರಂಗವೆಂದರೆ ಜಿಂಕೆಯ ಜಾತಿಯೆಂದು ತಿಳಿದ ನಮ್ಮ ಹುಡುಗರು ಮೈಮೇಲೆ ನವಿಲಿನ ಚಿತ್ರವನ್ನು ಕಂಡು ಬೆರಗಾದರು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ನವಿಲೆಂಬ ಅರ್ಥವೂ ಉಂಟೆಂದು ಉಪಾಧ್ಯಾಯರು ಬಿಡಿಸಿ ಹೇಳಬೇಕಾಯಿತು. ಬೆಂಗಳೂರಿನಲ್ಲಿಯೇ ತಯಾರಾದ ಧ್ರುವ ಹೆಲಿಕಾಪ್ಟರುಗಳ ಈ ತಂಡ 2003ರಲ್ಲಿ ಕೂಡಿದ್ದು. ಒಂದಕ್ಕೊಂದು ಎದುರಾಗಿ ಬಂದು ಪಕ್ಕದಲ್ಲಿ ಸರಿದುಹೋಗುವ ಅವುಗಳ ನಡೆ ಕೋಲಾಟದವರ ಹೆಜ್ಜೆಯನ್ನು ನೆನಪಿಗೆ ತರುತ್ತದೆ.

ಆದರೆ ಮನಸ್ಸನ್ನು ಬಹುವಾಗಿ ಸೆಳೆದದ್ದು ಸೂರ್ಯಕಿರಣ ತಂಡ. ಇದು ಹುಟ್ಟಿದ್ದು 1996ರಲ್ಲಿ, ನಮ್ಮ ಬೀದರದಲ್ಲಿ. ಮೊದಲು ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು. 2011ರಲ್ಲಿ ಆ ವಿಮಾನಗಳು ತರಬೇತಿಗೆ ಬೇಕಾಗಿ ತಂಡ ನಿಂತಿತು. 2015ರಲ್ಲಿ ಹಾಕ್ ವಿಮಾನಗಳೊಡನೆ ಮತ್ತೆ ಎದ್ದಿತು. ರೆಕ್ಕೆಗೂ ರೆಕ್ಕೆಗೂ ನಡುವೆ ಐದು ಮೀಟರಿನಷ್ಟೇ ಅಂತರವಿಟ್ಟುಕೊಂಡು ಕೆಂಪು ಬಿಳಿ ಬಣ್ಣದ ಆ ವಿಮಾನಗಳು ಒಂದೇ ಹಲಗೆಯಂತೆ ಹೊರಳುತ್ತವೆ. ಇದನ್ನು ಕಂಡು ಇಳಕಲ್ಲಿನ ನೇಕಾರರೊಬ್ಬರು, “ಅಲ್ರೀ, ಇವರು ಕೊಂಡಿ ಹಾಕ್ಯಾರ ನೋಡ್ರಿ” ಎಂದರು.

ಈ ಮಾತಿನ ಸ್ವಾರಸ್ಯ ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಗೊತ್ತು. ಆ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಡನೆ ಕುಣಿಕೆಯಾಗಿ ಕೂಡಿಸುವುದಕ್ಕೆ ಕೊಂಡಿಯೆಂದು ಹೆಸರು. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಬಟ್ಟೆಯಲ್ಲಿ ಕಾಣುತ್ತದೆ. ಎಲ್ಲವೂ ಸರಿಯಾದರೆ ಕೂಡಿಸಿದ್ದೇ ಕಾಣುವುದಿಲ್ಲ. ಸೂರ್ಯಕಿರಣದ ಚಾಲಕರೂ ಹಾಗೆಯೆ. ಮುಂದಾಳನ್ನು ಬಿಟ್ಟು ಉಳಿದವರು ನೆಲವನ್ನಾಗಲಿ ಆಕಾಶವನ್ನಾಗಲಿ ನೋಡುವುದಿಲ್ಲ. ಪಕ್ಕದ ವಿಮಾನದ ಮೇಲಿನ ಗೊತ್ತಾದ ಗುರುತಿನಲ್ಲಿಯೇ ದೃಷ್ಟಿ ನೆಟ್ಟು, ಮುಂದಾಳಿನ ಧ್ವನಿಗೆ ಕೈಕಾಲನ್ನು ಒಪ್ಪಿಸುತ್ತಾರೆ. ತಲೆಕೆಳಗಾದಾಗಲೂ ಆ ಗುರುತು ಕದಲಬಾರದು. ಪರಸ್ಪರ ವಿಶ್ವಾಸವೆಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದು ಕಣ್ಣಿಗೆ ಕಾಣುವಂತಾದದ್ದು ಅಂದು. ಮಗ್ಗದ ಮುಂದೆ ಜೀವನ ಸವೆಸಿದವರು ಅದನ್ನು ನಮಗಿಂತ ಮೊದಲು ಗುರುತಿಸಿದರೆ ಆಶ್ಚರ್ಯವೇನು?

ಬಾದಾಮಿಯವರ ಮನಸ್ಸು ಮತ್ತೊಂದು ಕಡೆಗೆ ಹರಿಯಿತು. ಅವರ ಊರಿನ ಗುಹೆಗಳ ಒಳಮಾಳಿಗೆಯಲ್ಲಿ ವಿದ್ಯಾಧರ ದಂಪತಿಗಳು ಹಾರುತ್ತಿದ್ದಾರೆ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. 578. ಐಹೊಳೆಯಲ್ಲಿಯೂ ಅಂತಹ ಶಿಲ್ಪಗಳುಂಟು. ಕೆಲವು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿವೆ. ಆ ವಿದ್ಯಾಧರರಿಗೆ ರೆಕ್ಕೆಗಳಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಮೊಣಕಾಲನ್ನು ಹಿಂದಕ್ಕೆ ಮಡಿಸಿ, ಉತ್ತರೀಯವನ್ನು ಗಾಳಿಗೆ ಬಿಟ್ಟು, ಮುಖದಲ್ಲಿ ಆಯಾಸದ ಸುಳಿವೂ ಇಲ್ಲದಂತೆ ಮಾಡಿ ಚಾಲುಕ್ಯರ ಶಿಲ್ಪಿ ಕಲ್ಲಿನ ಭಾರವನ್ನು ಕಳೆದಿದ್ದಾನೆ. “ನಮ್ಮ ಗವಿಯೊಳಗಿನವರು ಸಪ್ಪಳಿಲ್ಲದ ಹಾರತಾರ” ಎಂದು ಕಲ್ಲುಕೆಲಸದವರೊಬ್ಬರು ನಕ್ಕರು. ನಗೆಯ ಮಾತಾದರೂ ಅದರಲ್ಲಿ ಒಂದು ವಿವೇಕವಿತ್ತು. ವಿದ್ಯಾಧರನು ಹಾರುವುದು ಹಾರವನ್ನು ಹಿಡಿದು, ದೇವರ ಪೂಜೆಗೆ. ಯಲಹಂಕದಲ್ಲಿ ಹಾರಿದ್ದರಲ್ಲಿ ಬಹುಪಾಲು ಕಟ್ಟಲ್ಪಟ್ಟದ್ದು ಯುದ್ಧಕ್ಕೆ.

ಇದನ್ನು ಮರೆಯುವುದು ನೋಟಕನಿಗೆ ಬಹಳ ಸುಲಭ. ಹೊಗೆಯಿಂದ ಆಕಾಶದಲ್ಲಿ ಹೃದಯದ ಚಿತ್ರ ಬರೆಯುವ ಕೈಗಳನ್ನು ಕಂಡಾಗ ಅದೇ ಕೈಗಳ ಉಳಿದ ಕೆಲಸ ನೆನಪಾಗುವುದಿಲ್ಲ. ಹಾಗೆಯೆ ಈ ಆಟದಲ್ಲಿ ತೆತ್ತ ಬೆಲೆಯೂ ನೆನಪಾಗುವುದಿಲ್ಲ. 2007ರ ಫೆಬ್ರವರಿಯಲ್ಲಿ ಪ್ರದರ್ಶನದ ಪೂರ್ವಾಭ್ಯಾಸ ನಡೆದಾಗ ಸಾರಂಗ ತಂಡದ ಹೆಲಿಕಾಪ್ಟರೊಂದು ಇದೇ ಯಲಹಂಕದಲ್ಲಿ ಬಿದ್ದು ಒಬ್ಬ ಅಧಿಕಾರಿ ಮಡಿದನು. 2019ರ ಫೆಬ್ರವರಿ 19ರಂದು, ಪ್ರದರ್ಶನದ ಹಿಂದಿನ ದಿನ, ಸೂರ್ಯಕಿರಣದ ಎರಡು ವಿಮಾನಗಳು ಪರಸ್ಪರ ತಾಕಿದವು. ಇಬ್ಬರು ಹೊರಕ್ಕೆ ಹಾರಿ ಉಳಿದರು, ಒಬ್ಬನು ತೀರಿಕೊಂಡನು. ಐದು ಮೀಟರ್ ಎಂಬುದು ಕೇವಲ ಅಂಕೆಯಲ್ಲವೆಂಬುದು ಆಗ ತಿಳಿಯುತ್ತದೆ. 2025ರ ನವೆಂಬರ್ 21ರಂದು ದುಬೈ ನಗರದ ಪ್ರದರ್ಶನದಲ್ಲಿ ತೇಜಸ್ ವಿಮಾನವೊಂದು ಜನರ ಕಣ್ಣೆದುರಿಗೇ ನೆಲಕ್ಕೆ ಬಿದ್ದು ಅದರ ಚಾಲಕ ಮೃತನಾದನು. ಆ ಸುದ್ದಿ ಬಂದ ಸಂಜೆ, ಬೆಂಗಳೂರಿನಲ್ಲಿ ತೇಜಸ್ಸಿಗೆ ಚಪ್ಪಾಳೆಯಿಟ್ಟಿದ್ದ ನಮ್ಮವರು ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಮನೆಯ ಹುಡುಗನಿಗೇ ಆದಂತೆ ಮರುಗಿದರು. ಹೆಸರೂ ತಿಳಿಯದೆ, ಮುಖವೂ ಕಾಣದೆ ಚಪ್ಪಾಳೆಯಿಡುವಾಗ ಒಂದು ನಂಟು ಬೆಳೆದಿತ್ತೆಂದು ಅಂದು ಗೊತ್ತಾಯಿತು.

2025ರ ಫೆಬ್ರವರಿಯ ಪ್ರದರ್ಶನದಲ್ಲಿ ಅಮೆರಿಕದ ಎಫ್-35, ರಷ್ಯದ ಸುಖೋಯ್-57, ಈ ಎರಡೂ ವಿಮಾನಗಳು ಒಂದೇ ಮೈದಾನಕ್ಕೆ ಬಂದವು. ಲೋಕದಲ್ಲಿ ಎದುರೆದುರು ನಿಂತ ಎರಡು ಶಕ್ತಿಗಳ ಆಯುಧಗಳು ಯಲಹಂಕದಲ್ಲಿ ನೆರೆಹೊರೆಯವರಂತೆ ನಿಂತದ್ದು ವಿಚಿತ್ರವಾದರೂ, ಅದು ಸಂತೆಯ ನೀತಿ. ಜಾತ್ರೆಯೊಳಗೆ ಸಂತೆಯೂ ಸೇರಿದೆಯೆಂಬುದನ್ನು ನೋಟಕನು ತಿಳಿದಿರಬೇಕು. ಮೂರು ತಿಂಗಳೊಳಗಾಗಿ, ಅದೇ ವರ್ಷದ ಮೇ 7ರಿಂದ 10ರವರೆಗೆ, ಭಾರತ ಪಾಕಿಸ್ತಾನಗಳ ನಡುವೆ ಕಾಳಗ ನಡೆದು, ಯುದ್ಧವಿಮಾನಗಳು ನೋಟಕರಿಲ್ಲದ ಆಕಾಶದಲ್ಲಿ ತಮ್ಮ ನಿಜವಾದ ಕೆಲಸಕ್ಕೆ ತೊಡಗಿದವು.

2023ರಲ್ಲಿಯೇ, ಇದಾವುದೂ ಆಗುವ ಮೊದಲು, ನಮ್ಮ ತಂಡದ ತಾಯಿಯೊಬ್ಬರು ಒಂದು ಮಾತನ್ನಾಡಿದ್ದರು. ಸೂರ್ಯಕಿರಣದ ಹೊಗೆ ಇನ್ನೂ ಕರಗುತ್ತಿತ್ತು; ಮಕ್ಕಳು ಕೇಕೆ ಹಾಕುತ್ತಿದ್ದರು. “ಇವು ಹಿಂಗ ಆಟಕ್ಕ ಹಾರಿದ್ರ ಸಾಕಲ್ಲರೀ ಸರ?” ಎಂದು ಅವರು ಉಪಾಧ್ಯಾಯರನ್ನು ಕೇಳಿದರು. ದೇಶಕ್ಕೆ ರಕ್ಷಣೆ ಬೇಡವೆ, ಗಡಿಯನ್ನು ಕಾಯುವವರು ಬೇಡವೆ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿಯೂ ಇತ್ತು. ಆದರೆ ಅವರು ಅದನ್ನು ಅರಿಯದವರಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ಅವರದು ವಾದವಲ್ಲ, ಹಾರೈಕೆ.

ಬಾದಾಮಿಗೆ ಈ ಹಾರೈಕೆಯ ಅರ್ಥ ಚೆನ್ನಾಗಿ ಗೊತ್ತು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ವೀರ. ಆದರೂ 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಅವನ ರಾಜಧಾನಿಯನ್ನೇ ಹಿಡಿದನು. ಗೆದ್ದವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ಬಲವಿಲ್ಲದ ಊರು ಉಳಿಯದು. ಬಲವಿದ್ದ ಮಾತ್ರಕ್ಕೆ ಊರು ಸುಡದೆ ಉಳಿಯುವುದೆಂಬ ಭರವಸೆಯೂ ಇಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬಲ್ಲವನೇ ಯುದ್ಧವಿಮಾನದ ಆಟಕ್ಕೆ ತಕ್ಕ ನೋಟಕ.

ಆದಕಾರಣ ವಿಮಾನ ಪ್ರದರ್ಶನಕ್ಕೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಅವಶ್ಯವಾಗಿ ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಟಿಕೇಟು ದೊರೆಯದವರು ಬಳ್ಳಾರಿ ರಸ್ತೆಯ ಅಂಚಿನಲ್ಲಿ ನಿಂತು, ಮಾಳಿಗೆಗಳನ್ನು ಏರಿ ನೋಡುವಂತೆಯಾದರೂ ನೋಡಬೇಕು. ಯಂತ್ರವನ್ನು ಕಂಡು ಬೆರಗಾಗುವುದು ತಪ್ಪಲ್ಲ. ಆದರೆ ಯಂತ್ರದ ಹಿಂದಿನ ಕೈಯನ್ನು, ಕೈಯ ಹಿಂದಿನ ಅಭ್ಯಾಸವನ್ನು, ಅಭ್ಯಾಸದ ಹಿಂದಿನ ಪ್ರಾಣವನ್ನು ಕಾಣಬೇಕು. ಎಂಟು ವರ್ಷದ ಆ ಹುಡುಗಿ ಅಜ್ಜನಿಗೆ ಹೇಳಿಕೊಟ್ಟ ಪಾಠ ಇಲ್ಲಿಯೂ ಸಲ್ಲುತ್ತದೆ: ಸದ್ದು ಬಂದ ಕಡೆ ನೋಡಿದರೆ ಸಾಲದು, ಅದಕ್ಕಿಂತ ಮುಂದೆ ನೋಡಬೇಕು. ಹಾಗೆ ನೋಡಿದವರ ಚಪ್ಪಾಳೆಯಲ್ಲಿ ಹೆಮ್ಮೆಯೊಡನೆ ಒಂದು ಪ್ರಾರ್ಥನೆಯೂ ಸೇರಿರುತ್ತದೆ: ಹಾರಿದವರೆಲ್ಲ ಕ್ಷೇಮವಾಗಿ ಇಳಿಯಲಿ, ಇವರ ವಿದ್ಯೆ ಆಟದಲ್ಲಿಯೇ ಸಾರ್ಥಕವಾಗಲಿ.